ಆಂಕಿಡ್ರಾಯ್ಡ್: ಅರ್ಧ ಗೊತ್ತಿರುವ ಇಂಗ್ಲಿಷ್ ಪದಗಳಿಗೆ ಸರಿಯಾದ ಆ್ಯಪ್

ಮೊದಲೇ ಹೇಳಿಬಿಡುತ್ತೇನೆ, ಈ ಆ್ಯಪ್ ನೋಡೋಕೆ ಚೆನ್ನಾಗಿಲ್ಲ. ಗೊಂಬೆ ಇಲ್ಲ, ಆಟ ಇಲ್ಲ, ಶಭಾಷ್ ಅನ್ನೋರೂ ಇಲ್ಲ. ಒಂದು ಪ್ರಶ್ನೆ, ಕೆಳಗೆ ಉತ್ತರ ತೋರಿಸುವ ಗುಂಡಿ, ಅಷ್ಟೇ. ಆದರೂ ಇಂಗ್ಲಿಷ್ ಕಲಿಯೋಕೆ ಅಂತ ನನ್ನ ಫೋನಿನಲ್ಲಿ ಉಳಿದಿರುವುದು ಇದೊಂದೇ.

ನಾನು ಶಿವಮೊಗ್ಗದಲ್ಲಿ ಔಷಧಿ ಹೋಲ್‌ಸೇಲ್ ಆಫೀಸಿನಲ್ಲಿ ಬಿಲ್ಲಿಂಗ್ ನೋಡಿಕೊಳ್ಳುತ್ತೇನೆ. ಓದಿದ್ದು ಕನ್ನಡ ಮೀಡಿಯಂ. ಎಕ್ಸ್‌ಪೈರಿ ಮಾಲು, ಬಾರದ ಕ್ರೆಡಿಟ್ ನೋಟು, ಒಡೆದು ಬಂದ ಸಿರಪ್ ಬಾಟಲಿ, ಇವುಗಳ ಬಗ್ಗೆ ಕಂಪನಿಗಳಿಗೆ ಮೇಲ್ ಬರೆಯುವ ಕೆಲಸವೂ ನನ್ನದೇ. ಹಣ್ಣು ತರಕಾರಿ ಹೆಸರು ಕಲಿಸುವ ಆ್ಯಪ್ ನನಗೆ ಬೇಡ. ಸ್ಪರ್ಧಾತ್ಮಕ ಪರೀಕ್ಷೆಯ ಕಬ್ಬಿಣದ ಕಡಲೆಗಳೂ ಬೇಡ. ಬೇಕಿರುವುದು ನಡುವಿನವು: ಡಿಲೇ, ಅವಾಯ್ಡ್, ರಿಪ್ಲೇಸ್, ಇನ್ಸಿಸ್ಟ್. ಓದಿದರೆ ಅರ್ಥ ಆಗುತ್ತದೆ, ಬರೆಯೋಕೆ ಕೂತರೆ ಕೈ ನಿಲ್ಲುತ್ತದೆ. ಅವಾಯ್ಡ್ ಆದಮೇಲೆ ‘ಟು ಸೆಂಡ್’ ಬರಬೇಕಾ, ‘ಸೆಂಡಿಂಗ್’ ಬರಬೇಕಾ? ನಡುಮಟ್ಟದ ಪದಗಳ ಕಷ್ಟ ಇರುವುದೇ ಇಲ್ಲಿ, ಅಲ್ವಾ?

ಆಂಕಿ ಅನ್ನುವ ಕಂಪ್ಯೂಟರ್ ಪ್ರೋಗ್ರಾಂ ಬಂದಿದ್ದು 2006ರಲ್ಲಿ. ಅದರ ಆಂಡ್ರಾಯ್ಡ್ ರೂಪ ಆಂಕಿಡ್ರಾಯ್ಡ್. ದುಡ್ಡಿಲ್ಲ, ಜಾಹೀರಾತಿಲ್ಲ, ಒಂದು ಕಡೆ ಪ್ರಶ್ನೆ, ಇನ್ನೊಂದು ಕಡೆ ಉತ್ತರ ಇರುವ ಕಾರ್ಡುಗಳು ಫೋನಿನಲ್ಲೇ ಇರುವುದರಿಂದ ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಕಾರ್ಡ್ ನೋಡಿ, ಮನಸ್ಸಿನಲ್ಲೇ ಉತ್ತರ ಹೇಳಿಕೊಂಡು, ಅಗೇನ್, ಹಾರ್ಡ್, ಗುಡ್, ಈಸಿ, ಈ ನಾಲ್ಕರಲ್ಲಿ ಒಂದನ್ನು ಒತ್ತಬೇಕು. ನೆನಪಿದ್ದ ಪದ ದಿನಗಟ್ಟಲೆ, ಆಮೇಲೆ ತಿಂಗಳುಗಟ್ಟಲೆ ದೂರ ಹೋಗುತ್ತದೆ. ಮರೆತದ್ದು ಸಾಲ ಕೊಟ್ಟವನ ಹಾಗೆ ಅವತ್ತೇ ಮತ್ತೆ ಬಾಗಿಲಿಗೆ ಬರುತ್ತದೆ.

ಇದರಲ್ಲಿ ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಕ್ಲೋಜ್ ಅನ್ನುವ ಕಾರ್ಡ್. ಬಿಟ್ಟ ಸ್ಥಳ ತುಂಬಿರಿ ಅನ್ನುತ್ತಿದ್ದೆವಲ್ಲ, ಅದೇ. ‘ವಿ ಇನ್ಸಿಸ್ಟ್ ___ ಎ ರಿಪ್ಲೇಸ್‌ಮೆಂಟ್’ ಅಂತ ಬರುತ್ತದೆ, ನಾನು ‘ಆನ್’ ಅನ್ನಬೇಕು. ‘ಪ್ಲೀಸ್ ಅವಾಯ್ಡ್ ___ ಶಾರ್ಟ್ ಎಕ್ಸ್‌ಪೈರಿ ಸ್ಟಾಕ್’ ಅಂದರೆ ‘ಸೆಂಡಿಂಗ್’. ಖಾಲಿ ಜಾಗದೊಳಗೆ ಸುಳಿವು ಬರೆಯಲೂ ಅವಕಾಶ ಇದೆ. ನಾನು ಅಲ್ಲಿ ಕನ್ನಡದಲ್ಲಿ ‘ಕಳಿಸುವುದು’ ಅಂತ ಹಾಕುತ್ತೇನೆ. ಸುಳಿವಿಲ್ಲದಿದ್ದರೆ ಒಂದೇ ಜಾಗಕ್ಕೆ ಎರಡು ಮೂರು ಪದ ಹೊಂದಿ ಸುಮ್ನೆ ತಲೆನೋವು. ವಾಕ್ಯಗಳನ್ನು ಬೇರೆಲ್ಲೂ ಹುಡುಕುವುದಿಲ್ಲ, ಕಂಪನಿಯವರು ಬರೆದ ಮೇಲ್‌ಗಳಿಂದಲೇ ಎತ್ತಿಕೊಳ್ಳುತ್ತೇನೆ. ನಾಳೆ ಬರೆಯಬೇಕಾದ ವಾಕ್ಯವೂ ಹೆಚ್ಚುಕಡಿಮೆ ಅದೇ ತಾನೇ.

ಬೇರೆಯವರು ಮಾಡಿಟ್ಟ ಪದಗಳ ಕಟ್ಟುಗಳೂ ಪುಕ್ಕಟೆ ಸಿಗುತ್ತವೆ. ಸಾವಿರಗಟ್ಟಲೆ ಪದ ಒಟ್ಟಿಗೇ ಬಂದಾಗ ಖುಷಿಯಾಗುತ್ತದೆ. ಆದರೆ ಎಷ್ಟೋ ಕಟ್ಟುಗಳಲ್ಲಿ ಈ ಕಡೆ ಪದ, ಆ ಕಡೆ ಅರ್ಥ, ಮುಗೀತು. ‘ಡಿಸ್ಕಸ್ ಅಂದರೆ ಚರ್ಚಿಸು’ ಅನ್ನುವುದು ಯಾರಿಗೆ ಗೊತ್ತಿಲ್ಲ? ಡಿಸ್ಕಸ್ ಆದಮೇಲೆ ‘ಅಬೌಟ್’ ಹಾಕಬಾರದು ಅಂತ ಹೇಳಿದರೆ ತಾನೇ ಪ್ರಯೋಜನ. ಹಾಗಾಗಿ ಕಾರ್ಡುಗಳನ್ನು ನೀವೇ ಮಾಡಿಕೊಳ್ಳಿ. ಹೊತ್ತು ಹಿಡಿಯುತ್ತದೆ. ಆದರೆ ಟೈಪ್ ಮಾಡುವಾಗಲೇ ಅರ್ಧ ಕಲಿತಿರುತ್ತೀರಿ.

ಕೊರತೆಗಳೂ ಇವೆ. ಶುರುವಿನಲ್ಲಿ ಸೆಟ್ಟಿಂಗ್‌ಗಳನ್ನು ನೋಡಿದರೆ ತಲೆ ಕೆಡುತ್ತದೆ. ಒಂದನ್ನು ಮಾತ್ರ ಬದಲಿಸಿ, ಉಳಿದದ್ದು ಇದ್ದ ಹಾಗೇ ಇರಲಿ: ದಿನಕ್ಕೆ 20 ಹೊಸ ಕಾರ್ಡ್ ಅಂತ ಮೊದಲೇ ಇಟ್ಟಿರುತ್ತಾರೆ, ಅದನ್ನು 5ಕ್ಕೆ ಇಳಿಸಿ. ಇಲ್ಲದಿದ್ದರೆ ಹಬ್ಬಕ್ಕೆ ಊರಿಗೆ ಹೋಗಿ ಬರುವಷ್ಟರಲ್ಲಿ ಹಳೇ ಕಾರ್ಡುಗಳು ರಾಶಿ ಬಿದ್ದಿರುತ್ತವೆ. ಉಚ್ಚಾರಣೆ ಕೇಳಿಸಬಹುದು, ಆದರೆ ಅದನ್ನೂ ನಾವೇ ಜೋಡಿಸಿಕೊಳ್ಳಬೇಕು. ಇನ್ನು ಮಾತಾಡುವ ಅಭ್ಯಾಸ ಇದರಿಂದ ಆಗುವುದಿಲ್ಲ. ಫೋನಿನಲ್ಲಿ ಡಿಪೋ ಮ್ಯಾನೇಜರ್ ಗಡಗಡ ಇಂಗ್ಲಿಷ್ ಶುರು ಮಾಡಿದರೆ ನಾನು ಈಗಲೂ ‘ಸರ್, ಮೇಲ್ ಹಾಕ್ತೀನಿ’ ಅಂತಲೇ ಹೇಳುವುದು.

ಐಫೋನ್ ಇರುವವರಿಗೆ ಒಂದು ಮಾತು: ಅದರ ಆ್ಯಪ್ ಬೇರೆ, ಹೆಸರು ಆಂಕಿಮೊಬೈಲ್, ದುಡ್ಡು ಕೊಟ್ಟು ತಗೋಬೇಕು, ಕಡಿಮೆಯೂ ಅಲ್ಲ. ಅದರ ಬದಲು ಬ್ರೌಸರ್‌ನಲ್ಲಿ ಆಂಕಿವೆಬ್ ತೆರೆದುಕೊಂಡರೆ ಪುಕ್ಕಟೆಯಾಗಿ ಅಭ್ಯಾಸ ಮಾಡಬಹುದು.