ಫ್ಲ್ಯಾಗ್ ಫುಟ್ಬಾಲ್ ಸೆಟ್: ಬೆಲ್ಟಿಗೆ ಸೈ, ಚೆಂಡಿಗೆ ಇಲ್ಲ

ಆನ್‌ಲೈನ್‌ನಲ್ಲಿ ತರಿಸಿದ ಫ್ಲ್ಯಾಗ್ ಫುಟ್ಬಾಲ್ ಸೆಟ್ ಬಗ್ಗೆ ಬರೀತಿದ್ದೇನೆ. ಬೆಲೆ 2,350 ರೂಪಾಯಿ. ಬಲೆಯ ಚೀಲದಲ್ಲಿ 10 ಬೆಲ್ಟು, ಬೆಲ್ಟಿಗೆ ಎರಡರಂತೆ 20 ಪಟ್ಟಿ, ಒಂದು ಚೆಂಡು, 8 ಕೋನು, ಜೊತೆಗೆ ನಿಯಮ ಅಚ್ಚು ಹಾಕಿದ ಒಂದು ಹಾಳೆ. ಮೊದಲು ಬೆಳಗಾವಿಯ ಅಂಗಡಿಗಳಲ್ಲೇ ಕೇಳಿದೆ. ಕ್ರಿಕೆಟ್ ಬ್ಯಾಟು, ಫುಟ್ಬಾಲ್ ಬೇಕಾದಷ್ಟಿತ್ತು, ಒಂದು ಕಡೆ ರಗ್ಬಿ ಚೆಂಡೂ ಇತ್ತು, ಇದು ಮಾತ್ರ ಯಾರ ಹತ್ತಿರವೂ ಇರಲಿಲ್ಲ. ಈಗ ಒಂದು ಮಳೆಗಾಲ ಪೂರ್ತಿ ಟಿಳಕವಾಡಿಯ ಲೇಲೆ ಮೈದಾನದಲ್ಲಿ ಓಣಿಯ ಹುಡುಗ ಹುಡುಗಿಯರ ಕೈಯಲ್ಲಿ ಸಿಕ್ಕು ನುರಿದಿದೆ. ಹಾಗಾಗಿ ಹೇಳೋಕೆ ಸಾಕಷ್ಟಿದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕನ್ ಫುಟ್ಬಾಲ್‌ನಲ್ಲಿ ಚೆಂಡು ಹಿಡಿದು ಓಡುವವನನ್ನು ಮೈಮೇಲೆ ಬಿದ್ದು ಕೆಡವುತ್ತಾರೆ, ಅದಕ್ಕೇ ಹೆಲ್ಮೆಟ್ಟು, ಭುಜಕ್ಕೆ ಪ್ಯಾಡು. ಫ್ಲ್ಯಾಗ್ ಫುಟ್ಬಾಲ್‌ನಲ್ಲಿ ಅದೇನೂ ಇಲ್ಲ. ಓಡುವವರ ಸೊಂಟದಲ್ಲಿ ನೇತಾಡುವ ಪಟ್ಟಿ ಕಿತ್ತರೆ ಮುಗೀತು, ಆಟ ಅಲ್ಲಿಗೇ ನಿಲ್ಲುತ್ತೆ. ಒಂದು ಕಡೆ ಐದೇ ಜನ. ಅಂತರರಾಷ್ಟ್ರೀಯ ನಿಯಮದಲ್ಲಿ ಅಂಗಳ 70 ಗಜ ಉದ್ದ, 25 ಗಜ ಅಗಲ. ನಾಲ್ಕು ಅವಕಾಶದಲ್ಲಿ ನಡುಗೆರೆ ದಾಟಬೇಕು, ದಾಟಿದರೆ ಎದುರಾಳಿಯ ಕೊನೆಗೆರೆ ಮುಟ್ಟೋಕೆ ಇನ್ನೂ ನಾಲ್ಕು. ಚೆಂಡು ಹಿಡಿದು ಆ ಗೆರೆ ದಾಟಿದರೆ ಟಚ್‌ಡೌನ್, ಅದಕ್ಕೆ 6 ಅಂಕ. 2023ರ ಅಕ್ಟೋಬರ್‌ನಲ್ಲಿ ಮುಂಬೈಯಲ್ಲಿ ನಡೆದ ಒಲಿಂಪಿಕ್ ಸಮಿತಿಯ ಸಭೆಯಲ್ಲಿ ಕ್ರಿಕೆಟ್ ಜೊತೆ ಇದನ್ನೂ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸೇರಿಸಿದರು. ಕ್ರಿಕೆಟ್ ಸೇರಿದ್ದು ಊರಿಗೆಲ್ಲ ಗೊತ್ತು, ಇದು ಯಾರಿಗೂ ಗೊತ್ತಿಲ್ಲ.

ನಮ್ಮ ಓಣಿಗೆ ಈ ಹುಚ್ಚು ಹತ್ತಿಸಿದ್ದು ನನ್ನ ತಂಗಿ ಮಗ. ಬ್ರಿಟನ್‌ನಲ್ಲಿ ಓದುತ್ತಾನೆ. ಇಲ್ಲಿದ್ದಾಗ ಖೋ ಖೋ ಆಡುತ್ತಿದ್ದ, ಅಲ್ಲಿ ಹೋಗಿ ಯೂನಿವರ್ಸಿಟಿಯ ಅಮೆರಿಕನ್ ಫುಟ್ಬಾಲ್ ತಂಡ ಸೇರಿದ. ಅದೂ ಪ್ಯಾಡು ಹೆಲ್ಮೆಟ್ಟಿನ ಪೂರ್ತಿ ಆಟ. ಐವತ್ತೈದು ಕೆಜಿ ಹುಡುಗ ನೀನು, ನಿನ್ನನ್ನು ಯಾಕಪ್ಪ ತಗೊಂಡರು ಅಂತ ಕೇಳಿದ್ದಕ್ಕೆ, "ಮಾಮಾ, ಇಲ್ಲಿ ಯಾರಿಗೂ ಬರೂದಿಲ್ಲ, ಅದಕ್ಕ ನನಗೂ ಜಾಗಾ ಸಿಕ್ತು" ಅಂದ.

ಆ ಮಾತು ಸುಳ್ಳಲ್ಲ. ಅಲ್ಲಿ ರಗ್ಬಿ, ಫುಟ್ಬಾಲ್, ಕ್ರಿಕೆಟ್‌ಗೆ ಬರುವ ಹುಡುಗರು ಶಾಲೆಯಿಂದಲೇ ಆಡಿ ಪಳಗಿರುತ್ತಾರೆ, ಹೊಸಬರಿಗೆ ಜಾಗ ಕಷ್ಟ. ಅಮೆರಿಕನ್ ಫುಟ್ಬಾಲ್ ಮಾತ್ರ ಬಹಳ ಮಂದಿ ಯೂನಿವರ್ಸಿಟಿಗೆ ಬಂದ ಮೇಲೇ ಮೊದಲ ಸಲ ಮುಟ್ಟುವ ಆಟ. ವರ್ಷದ ಶುರುವಿಗೆ ಹೊಸ ವಿದ್ಯಾರ್ಥಿಗಳಿಗಾಗಿ ಕ್ಲಬ್‌ಗಳ ಮೇಳ ನಡೆಯುತ್ತೆ. ಅಲ್ಲಿ ಒಂದು ಟೇಬಲ್, ಮೇಲೊಂದು ಹೆಲ್ಮೆಟ್ಟು, ಹಿಂದೆ ನಾಲ್ಕು ಜನ ಜೆರ್ಸಿ ಹಾಕಿಕೊಂಡು ನಿಂತು ಹೋಗುವವರನ್ನೆಲ್ಲ ಕರೀತಾರೆ. ಅವರಿಗೆ ಜನ ಬೇಕೇ ಬೇಕು. ಒಂದು ಸಲಕ್ಕೆ ಅಂಗಳದಲ್ಲಿ 11 ಜನ, ಆದರೆ ದಾಳಿಗೆ ಬೇರೆ 11, ರಕ್ಷಣೆಗೆ ಬೇರೆ 11, ಗಾಯ, ಪರೀಕ್ಷೆ ಅಂತ ಮನೆಯಲ್ಲಿ ಕೂತವರಿಗೆ ಬದಲಿ ಬೇರೆ. ದಪ್ಪಗಿದ್ದವನು ಮುಂದಿನ ಸಾಲಿಗೆ, ಸಣ್ಣಗೆ ಚುರುಕಾಗಿದ್ದವನು ಅಂಚಿಗೆ, ಕಾಲಲ್ಲಿ ಒದೆಯೋಕೆ ಬಂದರೆ ಕಿಕ್ಕರ್. ಯಾವ ಮೈಕಟ್ಟಿನವನಿಗೂ ಒಂದು ಕೆಲಸ ಇದೆ. ನಮ್ಮಲ್ಲಿ ದಪ್ಪ ಹುಡುಗನನ್ನು ಅಂಪೈರ್ ಮಾಡಿ ನಿಲ್ಲಿಸ್ತೀವಿ, ಅಲ್ವಾ.

ಕ್ಲಬ್ ನಡೆಸೋರು ಕೂಡ ವಿದ್ಯಾರ್ಥಿಗಳೇ. ಅಧ್ಯಕ್ಷ, ಖಜಾಂಚಿ, ಸಾಮಾನು ನೋಡಿಕೊಳ್ಳುವವನು, ಎಲ್ಲರನ್ನೂ ಸದಸ್ಯರೇ ಆರಿಸ್ತಾರೆ. ಚಂದಾ ವಸೂಲಿ, ಬಸ್ ಬುಕ್ ಮಾಡೋದು, ರೆಫ್ರಿಗಳ ದುಡ್ಡು, ಗಾಯವಾದರೆ ನೋಡೋಕೆ ವೈದ್ಯಕೀಯ ಸಿಬ್ಬಂದಿ, ಎಲ್ಲದರ ಹಿಂದೆಯೂ ಇಪ್ಪತ್ತು ವರ್ಷದ ಹುಡುಗರೇ ಓಡಾಡ್ತಾರೆ. ಹೆಲ್ಮೆಟ್ಟು, ಭುಜದ ಪ್ಯಾಡು ಹೊಸದು ತಗೊಂಡರೆ ನೂರಾರು ಪೌಂಡು. ಮೊದಲ ವಾರ ಬಂದ ಹುಡುಗ ಅಷ್ಟು ಸುರೀತಾನಾ? ಇಲ್ಲ. ಅದಕ್ಕೇ ಕ್ಲಬ್ಬೇ ಕೊಂಡು ಇಟ್ಟುಕೊಂಡು ಹೊಸಬರಿಗೆ ಹಾಕಿಕೊಳ್ಳೋಕೆ ಕೊಡುತ್ತೆ, ವರ್ಷದ ಕೊನೆಗೆ ವಾಪಸ್ ತಗೊಳ್ಳುತ್ತೆ. ನಮ್ಮ ಹುಡುಗನ ಹೆಲ್ಮೆಟ್ಟಿನ ಒಳಗೆ ಹಿಂದೆ ಹಾಕಿಕೊಂಡವರ ಹೆಸರಿನ ಮೊದಲಕ್ಷರಗಳು ಮಾರ್ಕರ್‌ನಲ್ಲಿ ಬರೆದಿವೆಯಂತೆ, ಒಂದರ ಕೆಳಗೊಂದು, ಹಳೆಯವನ್ನು ಗೀಟು ಹಾಕಿ ಹೊಡೆದು. ಕೆಲಸದ ಗೋಳೂ ಇದರಲ್ಲೇ ಇದೆ. ಮೂರು ವರ್ಷದ ಡಿಗ್ರಿ. ಆಟ ಬಂತು, ಲೆಕ್ಕಪತ್ರ ಬಂತು ಅನ್ನುವಷ್ಟರಲ್ಲಿ ಪಾಸಾಗಿ ಹೋಗ್ತಾರೆ, ಮತ್ತೆ ಮೊದಲಿಂದ ಶುರು. ಜನ ಸಾಲದೆ ನಡುವೆಯೇ ಕೈಬಿಡುವ ತಂಡಗಳೂ ಇವೆ.

ಆದರೂ ಅಲ್ಲಿ ಈ ಆಟ ಉಳಿದುಕೊಂಡಿದೆ, ಅದೇ ನನಗೆ ಸೋಜಿಗ. 1982ರಲ್ಲಿ ಬ್ರಿಟನ್‌ನ ಚಾನೆಲ್ 4 ಟಿವಿಯಲ್ಲಿ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ ಪಂದ್ಯಗಳು ಬರೋಕೆ ಶುರುವಾದವು. 1986ರಲ್ಲಿ ಲಂಡನ್ನಿನ ವೆಂಬ್ಲಿ ಸ್ಟೇಡಿಯಂನಲ್ಲಿ ಆ ಲೀಗ್‌ನ ಶಿಕಾಗೋ ಬೇರ್ಸ್, ಡಲ್ಲಾಸ್ ಕೌಬಾಯ್ಸ್ ತಂಡದವರು ಬಂದು ಆಡಿ ಹೋದರು. ಯೂನಿವರ್ಸಿಟಿ ಹುಡುಗರು ತಂಡ ಕಟ್ಟೋಕೆ ಶುರು ಮಾಡಿದ್ದೂ ಆ ದಶಕದಲ್ಲೇ. ಆಮೇಲೆ ದೊಡ್ಡ ದುಡ್ಡಿನವರು ಬಂದರು. ಎನ್‌ಎಫ್‌ಎಲ್ ಬೆಂಬಲದ ವೃತ್ತಿಪರ ಲೀಗ್‌ನಲ್ಲಿ ಲಂಡನ್ ಮೊನಾರ್ಕ್ಸ್ ಅನ್ನುವ ತಂಡ 1991ರ ಮೊದಲ ವರ್ಷವೇ ವೆಂಬ್ಲಿಯಲ್ಲಿ ಕಪ್ ಗೆದ್ದಿತು, 1998ರ ನಂತರ ಆ ತಂಡವೇ ಇಲ್ಲ. ಆ ಲೀಗ್ ಕೂಡ ಎನ್‌ಎಫ್‌ಎಲ್ ಯುರೋಪ್ ಅಂತೆಲ್ಲ ಹೆಸರು ಬದಲಿಸಿಕೊಂಡು 2007ರಲ್ಲಿ ಬಾಗಿಲು ಹಾಕಿತು. ವಿದ್ಯಾರ್ಥಿಗಳ ಲೀಗ್ ಮಾತ್ರ ನಿಲ್ಲಲಿಲ್ಲ. ಅದನ್ನು ನಡೆಸುವ ಮಂಡಳಿಯ ಹೆಸರು ಬದಲಾಯಿತು, ಗುಂಪು ಬದಲಾಯಿತು, 2012ರಲ್ಲಿ ಅಲ್ಲಿನ ಯೂನಿವರ್ಸಿಟಿ ಕ್ರೀಡೆಗಳನ್ನೆಲ್ಲ ನೋಡಿಕೊಳ್ಳುವ ಬಿಯುಸಿಎಸ್ ತೆಕ್ಕೆಗೆ ಸೇರಿತು. ತಂಡಗಳು 70 ದಾಟಿದವು. ಬರ್ಮಿಂಗ್‌ಹ್ಯಾಮ್ ಲಯನ್ಸ್ ಮತ್ತೆ ಮತ್ತೆ ಗೆಲ್ಲುವ ತಂಡ, ಡರಮ್ ಸೇಂಟ್ಸ್, ಹರ್ಟ್‌ಫರ್ಡ್‌ಶೈರ್ ಹರಿಕೇನ್ಸ್ ಥರದ ಬಲವಾದ ತಂಡಗಳೂ ಇವೆ. ನಮ್ಮಲ್ಲೂ 2012ರಲ್ಲಿ ಇಲೈಟ್ ಫುಟ್ಬಾಲ್ ಲೀಗ್ ಆಫ್ ಇಂಡಿಯಾ ಅಂತ ಒಂದು ಬಂದಿತ್ತು, ಅಮೆರಿಕದ ಹೆಸರಾಂತ ಆಟಗಾರರು ದುಡ್ಡು ಹಾಕಿದ್ದರು, ಬೆಂಗಳೂರಿಗೂ ಒಂದು ತಂಡ ಇತ್ತು, ಪಂದ್ಯಗಳು ಮಾತ್ರ ಶ್ರೀಲಂಕಾದಲ್ಲಿ. ನಿಮಗೆ ನೆನಪಿದೆಯಾ? ಇರೋಕೆ ಸಾಧ್ಯವೇ ಇಲ್ಲ. ಮೇಲಿನಿಂದ ಸುರಿದ ದುಡ್ಡು ಹೋಯಿತು, ಹೆಲ್ಮೆಟ್ಟು ಹಂಚಿಕೊಂಡು ಆಡಿದವರು ಉಳಿದರು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದ್ರೆ, ಈ ಸೆಟ್‌ನಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಆ ಬಲೆಯ ಚೀಲ. ನಮ್ಮ ಗಲ್ಲಿ ಕ್ರಿಕೆಟ್ ನೋಡಿ. ಬ್ಯಾಟ್ ಯಾರದ್ದೋ ಮೊದಲ ಬ್ಯಾಟಿಂಗ್ ಅವನದ್ದೇ, ಅವನಮ್ಮ ಕರೆದರೆ ಆಟವೇ ಬಂದ್. ಇಲ್ಲಿ ಸಾಮಾನು ಯಾರೊಬ್ಬರದ್ದೂ ಅಲ್ಲ. ದೊಡ್ಡವರು ನಾವು ನಾಲ್ಕು ಮನೆಯವರು ದುಡ್ಡು ಹಾಕಿದೆವು. ಚೀಲ ವಾರಕ್ಕೊಬ್ಬರ ಮನೆಯಲ್ಲಿ ಇರುತ್ತೆ, ಎಣಿಸಿ ತಗೋಬೇಕು, ಎಣಿಸಿ ಕೊಡಬೇಕು. ಎಂಟನೇ ತರಗತಿಯ ಹುಡುಗಿಯೊಬ್ಬಳು ಹಳೇ ನೋಟ್‌ಬುಕ್‌ನಲ್ಲಿ ಲೆಕ್ಕ ಇಡುತ್ತಾಳೆ. ಒಂದು ಪಟ್ಟಿ ಕಡಿಮೆ ಬಿದ್ದರೂ ಅವಳು ಬಿಡೋದಿಲ್ಲ, ಬ್ಯಾಂಕ್ ಕ್ಯಾಷಿಯರ್‌ಗಳೂ ಅಷ್ಟು ಗಟ್ಟಿ ಇರಲಿಕ್ಕಿಲ್ಲ.

ಈಗ ಸಾಮಾನಿನ ಗುಣಕ್ಕೆ ಬರ್ತೀನಿ. ಬೆಲ್ಟು ನೈಲಾನಿನದು, ಗಟ್ಟಿ ಇದೆ, ಹೊಲಿಗೆ ಎಲ್ಲೂ ಬಿಟ್ಟಿಲ್ಲ. ಎರಡು ಬೆಲ್ಟಿನ ಪ್ಲಾಸ್ಟಿಕ್ ಕ್ಲಿಪ್ ಬರುವಾಗಲೇ ಸೀಳಿತ್ತು. ಫೋಟೋ ಕಳಿಸಿದ ಮೇಲೆ ತಕರಾರಿಲ್ಲದೆ ಬೇರೆ ಕಳಿಸಿದರು, ಅದಕ್ಕೆ ಪೂರ್ತಿ ಮಾರ್ಕು. ಆದರೆ ಅಳತೆ ದೊಡ್ಡವರದ್ದು. ಹತ್ತು ವರ್ಷದ ಮಗುವಿಗೆ ಬಿಗಿ ಮಾಡಿದರೆ ಒಂದು ಮೊಳ ಉದ್ದದ ತುದಿ ಹೊರಗೆ ನೇತಾಡುತ್ತೆ. ಎದುರಿನವರು ಪಟ್ಟಿ ಬಿಟ್ಟು ಅದನ್ನೇ ಹಿಡಿದು ಜಗ್ಗುತ್ತಾರೆ, ಮಗು ಬೀಳುತ್ತೆ, ಜಗಳ ಶುರು. ತುದಿಯನ್ನು ಚಡ್ಡಿಯ ಒಳಗೆ ಸಿಕ್ಕಿಸಲೇಬೇಕು. ಪಟ್ಟಿ ಬೆಲ್ಟಿಗೆ ಅಂಟೋದು ವೆಲ್ಕ್ರೋದಿಂದ. ಒಣ ನೆಲದಲ್ಲಿ ಬಹಳ ಚೆನ್ನಾಗಿದೆ, ಕಿತ್ತಾಗ ಚರ್ರ್ ಅನ್ನೋ ಸದ್ದು ಬರುತ್ತೆ, ಕಿತ್ತಿಲ್ಲ ಕಿತ್ತಿದೆ ಅನ್ನೋ ವಾದಕ್ಕೆ ಜಾಗವೇ ಇಲ್ಲ. ಮಳೆ ಬಿದ್ದ ಮೇಲೆ ಕಥೆ ಬೇರೆ. ವೆಲ್ಕ್ರೋದ ಕೊಕ್ಕೆಗಳ ಒಳಗೆ ಕೆಂಪು ಮಣ್ಣು, ಹುಲ್ಲಿನ ಎಸಳು ಸೇರಿ ಗಟ್ಟಿಯಾಗಿ ಕೂರುತ್ತೆ, ಆಮೇಲೆ ಓಡುವಾಗಲೇ ಪಟ್ಟಿ ತಾನಾಗಿ ಉದುರುತ್ತೆ. ತೊಳೆದರೆ ಸಾಲದು. ಒಣಗಿಸಿ ಹಳೇ ಟೂತ್‌ಬ್ರಷ್‌ನಿಂದ ಉಜ್ಜಬೇಕು, ಹುಲ್ಲನ್ನು ಸೇಫ್ಟಿ ಪಿನ್ನಿನಿಂದ ಒಂದೊಂದಾಗಿ ಎಳೆದು ತೆಗೀಬೇಕು. ಬೆಳಗಾವಿ ಮಳೆ ಗೊತ್ತಲ್ಲ, ಜೂನ್‌ನಲ್ಲಿ ಹಿಡಿದರೆ ಬಿಡೋದು ಸೆಪ್ಟೆಂಬರ್‌ಗೆ. ಇಂಥ ಊರಿಗೆ ವೆಲ್ಕ್ರೋ ಬದಲು ಟಪ್ ಅಂತ ಬಿಚ್ಚಿಕೊಳ್ಳುವ ಗುಂಡಿ ಥರದ ಬೆಲ್ಟೇ ಸರಿ, ಬೆಲೆ ಸ್ವಲ್ಪ ಜಾಸ್ತಿ ಆದರೂ.

ಚೆಂಡಿನ ಬಗ್ಗೆ ಒಳ್ಳೆ ಮಾತು ಕಷ್ಟ. ಪೂರ್ಣ ಅಳತೆಯ ಅಮೆರಿಕನ್ ಫುಟ್ಬಾಲ್ ಸುಮಾರು 11 ಇಂಚು ಉದ್ದ, 400 ಗ್ರಾಂ ಆಸುಪಾಸು ತೂಕ. ಇವರು ಕಳಿಸಿದ್ದು ಮಕ್ಕಳ ಅಳತೆಯದು, ಆ ವಿಷಯ ಮಾರಾಟದ ಪುಟದಲ್ಲಿ ಎಲ್ಲೂ ಇಲ್ಲ. ಬೆಲ್ಟು ದೊಡ್ಡವರಿಗೆ, ಚೆಂಡು ಚಿಕ್ಕವರಿಗೆ, ಇದ್ಯಾವ ಲೆಕ್ಕ? ಅದಕ್ಕಿಂತ ದೊಡ್ಡ ತಪ್ಪು ಮೇಲಿನ ದಾರದ್ದು. ಈ ಚೆಂಡಿನ ಮೇಲೆ ಹೊಲಿದ ದಾರಕ್ಕೆ ಬೆರಳು ಕೊಟ್ಟು ಹಿಡಿದು, ಬಿಡುವಾಗ ತಿರುಚಿ ಎಸೆದರೇ ಅದು ತಿರುಗುತ್ತಾ ನೆಟ್ಟಗೆ ಹೋಗೋದು. ಇದರಲ್ಲಿ ದಾರವೇ ಇಲ್ಲ, ರಬ್ಬರಿನಲ್ಲಿ ದಾರದ ಆಕಾರ ಮೂಡಿಸಿದ್ದಾರೆ, ಗಣಪತಿ ಹಬ್ಬದ ಹೊತ್ತಿಗೆ ಅದೂ ಸವೆದು ನುಣ್ಣಗಾಯಿತು. ಒದ್ದೆಯಾದರೆ ಸೋಪು ಹಿಡಿದ ಹಾಗೆ. ಹವಾ ಹೊಡೆಯುವ ಸೂಜಿ ಕೊಟ್ಟಿಲ್ಲ, ಫುಟ್ಬಾಲಿನ ಸೂಜಿ ಸರಿಹೋಗುತ್ತೆ, ಅದು ಎಲ್ಲ ಅಂಗಡಿಯಲ್ಲೂ ಸಿಗುತ್ತೆ. ಕೊನೆಗೆ ತಂಗಿ ಮಗನೇ ರಜೆಗೆ ಬರುವಾಗ ಅಲ್ಲಿಂದ ಒಂದು ಚೆಂಡು ತಂದ. ಅದು ಕೈಗೆ ಬಂದ ದಿನವೇ ಮಕ್ಕಳ ಎಸೆತ ಸುಧಾರಿಸಿತು, ಸುಳ್ಳಲ್ಲ.

ನಿಯಮದ ಹಾಳೆ ಸುಮ್ನೆ ಅಚ್ಚು ಹಾಕಿದ್ದು. ಕೈಯಿಂದ ಪಟ್ಟಿ ಮುಚ್ಚಿಕೊಳ್ಳಬಾರದು ಅನ್ನುವ ಮುಖ್ಯ ನಿಯಮವೇ ಅದರಲ್ಲಿಲ್ಲ. ನಮ್ಮವರು ಮೊದಲು ಮಾಡಿದ್ದೇ ಅದನ್ನು, ಒಬ್ಬನಂತೂ ಪಟ್ಟಿಯನ್ನು ಬೆಲ್ಟಿಗೆ ಗಂಟು ಹಾಕಿಕೊಂಡು ಬಂದಿದ್ದ. ನೋಡಿ ತಿಳಿದ ಒಂದು ವಿಷಯ ಹೇಳಲೇಬೇಕು. ಕಬಡ್ಡಿ ಆಡಿದ ಹುಡುಗರು ಇದರಲ್ಲಿ ಒದ್ದಾಡುತ್ತಾರೆ, ಕೈ ತಾನಾಗಿ ತೊಡೆಗೆ, ಪಾದಕ್ಕೆ ಹೋಗಿಬಿಡುತ್ತೆ, ಹಿಡಿದರೆ ಫೌಲು. ಖೋ ಖೋ ಆಡಿದವರು ಮಾತ್ರ ಮೊದಲ ದಿನವೇ ಮಿಂಚುತ್ತಾರೆ. ಈ ಕಡೆ ಹೋಗುವ ಹಾಗೆ ತೋರಿಸಿ ಆ ಕಡೆ ಸೊಂಟ ತಿರುಗಿಸೋದು ಅವರಿಗೆ ಹೇಳಿಕೊಡಬೇಕಾದ್ದೇ ಇಲ್ಲ. ಲೆಕ್ಕ ಇಡುವ ಆ ಹುಡುಗಿಯ ಪಟ್ಟಿಯನ್ನು ಇಷ್ಟು ದೊಡ್ಡ ಹುಡುಗರಿಗೂ ಕೀಳೋಕೆ ಆಗಿಲ್ಲ. ಶಾಲೆಯ ಪಿಟಿ ಸರ್‌ಗಳು ಯಾರಾದರೂ ಇದನ್ನು ಓದುತ್ತಿದ್ದರೆ ನಿಮ್ಮ ಖೋ ಖೋ ತಂಡಕ್ಕೆ ಒಮ್ಮೆ ಕೊಟ್ಟು ನೋಡಿ, ಹೆಣ್ಣುಮಕ್ಕಳೂ ಗಂಡುಮಕ್ಕಳೂ ಒಟ್ಟಿಗೇ ಆಡಬಹುದು.

ಐದರಲ್ಲಿ ಮೂರು ಸ್ಟಾರ್ ಕೊಡ್ತೀನಿ. ಚೆಂಡು ಬೇಡ, ಬೆಲ್ಟು ಮಾತ್ರ ಕೊಡಿ ಅಂದರೆ ಕೊಡುವ ಮಾರಾಟಗಾರರೂ ಇದ್ದಾರೆ, ಅದೇ ಲಾಭ. ಪಟ್ಟಿ ಕಳೆದುಹೋದರೆ ಹೊಸ ಸೆಟ್ ತರಿಸಬೇಡಿ. ನಾವು ಖಡೇಬಜಾರ್‌ನಿಂದ ರೆಕ್ಸಿನ್ ತಂದು ಶಹಾಪುರದ ದರ್ಜಿಯ ಹತ್ತಿರ ಹೊಲಿಸಿದೆವು, ಒಂದಕ್ಕೆ 15 ರೂಪಾಯಿ, ಮೂಲಕ್ಕಿಂತ ಗಟ್ಟಿ. ಇನ್ನು ಬಣ್ಣ. ನಮಗೆ ಬಂದಿದ್ದು ಕೆಂಪು ಮತ್ತು ಹಳದಿ. ದಾರಿಯಲ್ಲಿ ಹೋಗುವ ಹಿರಿಯರೊಬ್ಬರು ರಾಜ್ಯೋತ್ಸವದ ತಯಾರಿ ಈಗಲೇ ಶುರುವಾಯ್ತೇನು ಅಂತ ಕೇಳಿ ಖುಷಿಪಟ್ಟರು, ಅದೆಲ್ಲ ಸರಿ. ಆದರೆ ಪಟ್ಟಿ ಕಿತ್ತ ಜಾಗದಲ್ಲೇ ಅದನ್ನು ಕೆಳಗೆ ಹಾಕಬೇಕು, ಮುಂದಿನ ಆಟ ಅಲ್ಲಿಂದಲೇ. ನಮ್ಮ ಕೆಂಪು ಮಣ್ಣಿನ ಮೇಲೆ ಕೆಂಪು ಪಟ್ಟಿ ಸಂಜೆ ಆರರ ಮೇಲೆ ಕಾಣೋದೇ ಇಲ್ಲ. ಹಳದಿ ಇರಲಿ, ಇನ್ನೊಂದಕ್ಕೆ ನೀಲಿ ಆರಿಸಿಕೊಳ್ಳಿ.