ಹಾರ್ವೆಸ್ಟ್ ಹೋಸ್ಟ್ಸ್: ಚಳಿಗಾಲದಲ್ಲಿ ಆರ್‌ವಿ ಹತ್ತಿ ದಕ್ಷಿಣಕ್ಕೆ ಹೊರಡುವವರಿಗೆ ಎಷ್ಟು ಉಪಯೋಗ?

ಮೊದಲೇ ಹೇಳಿಬಿಡುತ್ತೇನೆ. ಡಿಸೆಂಬರ್ ಕೊನೆಗೋ ಜನವರಿಯಲ್ಲೋ ಮಿಷಿಗನ್ ಬಿಟ್ಟು ಫ್ಲೋರಿಡಾಕ್ಕೆ ಆರ್‌ವಿಯಲ್ಲಿ, ಅಂದರೆ ಮಲಗಲು, ಅಡುಗೆಗೆ ಜಾಗವಿರುವ ಮನೆಯಂಥ ಗಾಡಿಯಲ್ಲಿ, ಹೊರಡುವವರು ಹಾರ್ವೆಸ್ಟ್ ಹೋಸ್ಟ್ಸ್ ಅನ್ನುವ ಕ್ಲಬ್ ಒಂದನ್ನೇ ನಂಬಿಕೊಂಡು ಹೊರಡಬೇಡಿ. ಟೆನ್ನೆಸ್ಸಿ ದಾಟುವ ತನಕ ಕರೆಂಟ್ ಸಿಗುವ ಜಾಗಕ್ಕೆ ದುಡ್ಡು ಕೊಟ್ಟು ಮಲಗಿ. ಅಲ್ಲಿಂದ ಕೆಳಗೆ ಇದು ತುಂಬಾ ಚೆನ್ನಾಗಿ ಒದಗುತ್ತದೆ. ಕೆಲವು ವರ್ಷಗಳಿಂದ ನಾವು ಸದಸ್ಯರು, ಈ ಸಲವೂ ಹಣ ಕಟ್ಟಿದ್ದೇವೆ. ಹೊಗಳುವುದಕ್ಕೂ ಗೊಣಗುವುದಕ್ಕೂ ಬೇಕಾದಷ್ಟು ಬಳಸಿದ್ದೇವೆ ಅನ್ನಬಹುದು.

ನಾವಿರುವುದು ಡೆಟ್ರಾಯ್ಟ್ ಪಕ್ಕ. ಗಾಡಿ ಕ್ಲಾಸ್ ಸಿ ಮೋಟರ್‌ಹೋಮ್, 27 ಅಡಿ. ಓಡಿಸುವುದು ನಮ್ಮನೆಯವರು. ರಾತ್ರಿ ಎಲ್ಲಿ ನಿಲ್ಲಬೇಕು ಅನ್ನೋದು ನನ್ನ ಖಾತೆ. ಹೋಗುವುದು ಟ್ಯಾಂಪಾ ಕಡೆಗೆ, ದಾರಿ ಪೂರ್ತಿ ಐ-75 ಹೆದ್ದಾರಿ. ಸುಮಾರು 1,200 ಮೈಲಿ.

ಗೊತ್ತಿಲ್ಲದವರಿಗೆ ಒಂದು ಮಾತು. ಹಾರ್ವೆಸ್ಟ್ ಹೋಸ್ಟ್ಸ್ 2009ರಲ್ಲಿ ಶುರುವಾದ ಸದಸ್ಯತ್ವ ಕ್ಲಬ್. ವರ್ಷಕ್ಕೊಮ್ಮೆ ಹಣ ಕಟ್ಟಿದರೆ ವೈನರಿ, ತೋಟ, ಹೈನುಗಾರಿಕೆಯ ಫಾರ್ಮ್, ಬ್ರೂವರಿ, ಮ್ಯೂಸಿಯಂ ಇಂಥ ಕಡೆ ಒಂದು ರಾತ್ರಿ ಗಾಡಿ ನಿಲ್ಲಿಸಿಕೊಂಡು ಮಲಗಬಹುದು. ಈಗ ಅಮೆರಿಕ, ಕೆನಡಾ ಸೇರಿ 5,000ಕ್ಕೂ ಹೆಚ್ಚು ಜಾಗಗಳಿವೆ. ಬಾಡಿಗೆ ಇಲ್ಲ. ಬದಲಿಗೆ ಅವರ ಹತ್ತಿರ ಏನಾದರೂ ಕೊಳ್ಳಬೇಕು, ಕನಿಷ್ಠ 30 ಡಾಲರ್ ಆದರೂ ಖರ್ಚು ಮಾಡಿ ಅಂತ ಕ್ಲಬ್ಬೇ ಹೇಳುತ್ತದೆ. ಗಾಡಿಯೊಳಗೇ ಟಾಯ್ಲೆಟ್, ನೀರಿನ ಟ್ಯಾಂಕ್, ಅಡುಗೆ ವ್ಯವಸ್ಥೆ ಇರಬೇಕು. ಟೆಂಟ್ ಹಾಕುವ ಹಾಗಿಲ್ಲ.

ಹಾಗಾಗಿ ಪುಕ್ಕಟೆ ಅನ್ನೋದು ಬರೀ ಮಾತು. ವರ್ಷದ ಚಂದಾ ಜೊತೆಗೆ ಪ್ರತಿ ರಾತ್ರಿ 30–40 ಡಾಲರ್ ಸೇರಿಸಿದರೆ ಸಾಧಾರಣ ಕ್ಯಾಂಪ್‌ಗ್ರೌಂಡಿಗಿಂತ ಭಾರಿ ಉಳಿತಾಯವೇನಿಲ್ಲ. ಆದರೆ ಕ್ಯಾಂಪ್‌ಗ್ರೌಂಡಿಗೆ ಕೊಟ್ಟ 60 ಡಾಲರ್ ಬೆಳಗಾಗುವಷ್ಟರಲ್ಲಿ ಕರಗಿಹೋಗಿರುತ್ತದೆ. ಇಲ್ಲಿ ಕೊಟ್ಟದ್ದಕ್ಕೆ ಜೇನು, ಚೀಸ್, ಜಾಮ್ ಅಂತ ಏನೋ ಒಂದು ಮನೆಗೆ ಬರುತ್ತದೆ. ಕೊಂಡ ಸಾಮಾನು ಬಳಸುವವರಿಗೆ ಲಾಭ. ಸುಮ್ನೆ ಮಲಗಲು ಜಾಗ ಹುಡುಕುವವರಿಗೆ ಅಷ್ಟಕ್ಕಷ್ಟೆ.

ನಮ್ಮವರು ತುಂಬಾ ಜನ ಕೇಳುವ ಪ್ರಶ್ನೆ ಒಂದಿದೆ. "ನಾವು ಕುಡಿಯೋದಿಲ್ಲ, ವೈನರಿಗೆ ಹೋಗಿ ಏನು ಕೊಳ್ಳೋದು?" ನಾವೂ ಕುಡಿಯುವವರಲ್ಲ. ಹೆಚ್ಚಿನ ವೈನರಿಗಳಲ್ಲಿ ದ್ರಾಕ್ಷಿ ರಸ, ಜೆಲ್ಲಿ, ಸಾಸಿವೆ, ಸಾಬೂನು, ಏನೋ ಒಂದು ಸಿಕ್ಕೇ ಸಿಗುತ್ತದೆ. ಸಿಗದಿದ್ದರೆ ಒಂದು ಬಾಟಲಿ ಕೊಂಡು ಪಕ್ಕದ ಮನೆಯ ಅಮೆರಿಕನ್ ದಂಪತಿಗೆ ಉಡುಗೊರೆ. ನಾವಿಲ್ಲದಾಗ ಮನೆಯ ಮುಂದಿನ ಹಿಮ ಎತ್ತುವವರು ಅವರೇ ಅಲ್ವಾ!

ಇನ್ನು ಚಳಿಯ ವಿಚಾರ. ಎಲ್ಲ ಇರುವುದು ಇದರಲ್ಲೇ.

ಹೋಸ್ಟ್‌ಗಳ, ಅಂದರೆ ಹೀಗೆ ಜಾಗ ಕೊಡುವವರ, ಹತ್ತಿರ ಸಾಮಾನ್ಯವಾಗಿ ಕರೆಂಟ್ ಇರುವುದಿಲ್ಲ. ಬೇಸಿಗೆಯಲ್ಲಿ ಅದೇನೂ ದೊಡ್ಡ ವಿಷಯವಲ್ಲ. ಚಳಿಗಾಲದಲ್ಲಿ ಗಾಡಿಯನ್ನು ಬೆಚ್ಚಗಿಡುವ ಫರ್ನೇಸ್ ಉರಿಯುವುದು ಪ್ರೊಪೇನ್‌ನಿಂದ, ಆದರೆ ಅದರ ಫ್ಯಾನ್ ತಿರುಗುವುದು ಬ್ಯಾಟರಿಯಿಂದ. ನಮ್ಮದು ತಿರುಗುವಾಗ ಏಳೆಂಟು ಆಂಪ್ ಎಳೆಯುತ್ತದೆ. ಮೈನಸ್ ಹತ್ತು ಡಿಗ್ರಿ ರಾತ್ರಿಯಲ್ಲಿ ಹನ್ನೆರಡು ಗಂಟೆಗೆ ಏಳು ಗಂಟೆ ತಿರುಗಿತು ಅಂದುಕೊಳ್ಳಿ, 50 ಆಂಪ್-ಅವರ್ ಹೋಯಿತು. 100 ಆಂಪ್-ಅವರ್‌ನ ಮಾಮೂಲಿ ಲೆಡ್ ಬ್ಯಾಟರಿಯಲ್ಲಿ ಧೈರ್ಯವಾಗಿ ಬಳಸಬಹುದಾದದ್ದೇ ಅಷ್ಟು. ಚಳಿಗೆ ಅದೂ ಕಡಿಮೆಯಾಗುತ್ತದೆ. ಲಿಥಿಯಂ ಹಾಕಿಸಿದವರು ಬೀಗಬೇಕಿಲ್ಲ. ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡುವ ಹಾಗಿಲ್ಲ, ಬ್ಯಾಟರಿಯನ್ನೇ ಬೆಚ್ಚಗಿಡುವ ವ್ಯವಸ್ಥೆ ಬೇಕು. ಜನರೇಟರ್ ಹಾಕೋಣ ಅಂದರೆ ಹೋಸ್ಟ್ ಒಪ್ಪಿಗೆ ಬೇಕು. ರಾತ್ರಿಯಿಡೀ ಓಡಿಸಿಕೊಂಡು ಅದರ ಹೊಗೆಯ ಪಕ್ಕ ಮಲಗುವುದಂತೂ ಬೇಡವೇ ಬೇಡ.

ಅದಕ್ಕೇ ಮೊದಲ ರಾತ್ರಿ ನಮ್ಮದು ಲೆಕ್ಸಿಂಗ್ಟನ್. ಐ-75ರ 120ನೇ ಎಕ್ಸಿಟ್‌ನಲ್ಲಿ ಕೆಂಟಕಿ ಹಾರ್ಸ್ ಪಾರ್ಕ್ ಇದೆ. ಅದರ ಕ್ಯಾಂಪ್‌ಗ್ರೌಂಡ್ ವರ್ಷಪೂರ್ತಿ ತೆರೆದಿರುತ್ತದೆ, ಕರೆಂಟ್ ಇದೆ. ಡೆಟ್ರಾಯ್ಟ್‌ನಿಂದ ಸುಮಾರು 340 ಮೈಲಿ. ಆರ್‌ವಿಯವರ ಮಾಮೂಲಿ ಸೂತ್ರ ದಿನಕ್ಕೆ 300 ಮೈಲಿ, ಮಧ್ಯಾಹ್ನ ಮೂರಕ್ಕೆ ಬಿಡಾರ. ಮೊದಲ ದಿನ ಮಾತ್ರ ನಾವು ಅದನ್ನು ಸ್ವಲ್ಪ ಮೀರುತ್ತೇವೆ. ಮಿಷಿಗನ್, ಒಹಾಯೋಗಳಲ್ಲಿ ಎಷ್ಟೋ ಕ್ಯಾಂಪ್‌ಗ್ರೌಂಡ್‌ಗಳು ಅಕ್ಟೋಬರ್ ಕೊನೆಗೇ ಬಾಗಿಲು ಹಾಕಿರುತ್ತವೆ. ನಿಲ್ಲಬೇಕೆಂದರೂ ಜಾಗವಿಲ್ಲ.

ಫ್ಲೋರಿಡಾ ಮುಟ್ಟುವವರೆಗೆ ಗಾಡಿಯ ಕೊಳಾಯಿಗಳಲ್ಲಿ ನೀರೇ ಇರುವುದಿಲ್ಲ. ಚಳಿಗೆ ಹೆಪ್ಪುಗಟ್ಟದ ಗುಲಾಬಿ ಬಣ್ಣದ ಆಂಟಿಫ್ರೀಜ್ ತುಂಬಿಕೊಂಡೇ ಹೊರಡುತ್ತೇವೆ. ಕುಡಿಯಲು, ಅಡುಗೆಗೆ ಕ್ಯಾನ್ ನೀರು. ಟಾಯ್ಲೆಟ್‌ಗೂ ಅದೇ ಗುಲಾಬಿ ದ್ರಾವಣ ಒಂದು ಲೋಟ. ಸ್ನಾನ ಆಗದೆ ಕಾಫಿ ಇಳಿಯದವರು ಕ್ಯಾಂಪ್‌ಗ್ರೌಂಡಿನ ಬಚ್ಚಲಿಗೆ ಟವೆಲ್ ಹಿಡಿದು ಓಡಬೇಕು. ನಮ್ಮನೆಯವರು ಓಡುತ್ತಾರೆ. ನಾನು ಮೊದಲು ಕಾಫಿ.

ಎರಡನೇ ದಿನದ್ದು ದಾರಿಯ ಕಷ್ಟದ ಭಾಗ. ಕೆಂಟಕಿ–ಟೆನ್ನೆಸ್ಸಿ ಗಡಿಯಲ್ಲಿ ಜೆಲಿಕೊ ಬೆಟ್ಟದ ಏರಿಳಿತ. ಅದನ್ನು ಹಗಲಲ್ಲೇ ದಾಟಬೇಕು. ನಾಕ್ಸ್‌ವಿಲ್ ಆದಮೇಲೆ ಹಿವಾಸ್ಸಿ ನದಿಯ ಆಸುಪಾಸಿನಲ್ಲಿ ಮಂಜು. 1990ರ ಡಿಸೆಂಬರ್ 11ರಂದು ಅಲ್ಲಿ ದಟ್ಟ ಮಂಜಿನಲ್ಲಿ 99 ವಾಹನಗಳು ಒಂದರ ಮೇಲೊಂದು ಗುದ್ದಿ 12 ಜನ ಸತ್ತಿದ್ದರು. ಈಗ ಮಂಜು ಪತ್ತೆಮಾಡುವ ಸೆನ್ಸರ್‌ಗಳು, ಎಚ್ಚರಿಕೆ ಫಲಕಗಳು ಇವೆ. ಆದರೂ ನಾನು ಅಲ್ಲಿಗೆ ಬೆಳಗಿನ ಹೊತ್ತಿನಲ್ಲಿ ಹೋಗದ ಹಾಗೆ ಲೆಕ್ಕ ಹಾಕುತ್ತೇನೆ. ಲೆಕ್ಸಿಂಗ್ಟನ್‌ನಿಂದ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಮೇಲೆ ಅಲ್ಲಿಗೆ ಬರುತ್ತೀರಿ. ಅಷ್ಟರಲ್ಲಿ ಬಿಸಿಲು ಬಂದಿರುತ್ತದೆ. ಆ ರಾತ್ರಿ ಚಟ್ಟನೂಗ ಕಡೆ. ಕರೆಂಟಾ, ಹೋಸ್ಟಾ ಅಂತ ತೀರ್ಮಾನಿಸುವುದು ಅವತ್ತಿನ ಹವಾಮಾನ ನೋಡಿ. ರಾತ್ರಿ ಸೊನ್ನೆಯ ಆಸುಪಾಸು ಇದ್ದರೆ ಹೋಸ್ಟ್. ಮೈನಸ್ ಮೂರು, ನಾಲ್ಕಕ್ಕೆ ಇಳಿಯುತ್ತದೆ ಅಂದರೆ ಕ್ಯಾಂಪ್‌ಗ್ರೌಂಡ್.

ಮೂರನೇ ದಿನ ಅಟ್ಲಾಂಟಾ. ದಕ್ಷಿಣಕ್ಕೆ ಬಂದೆವು, ಇನ್ನು ಹಿಮದ ಕಾಟವಿಲ್ಲ ಅಂತ ಕಾಲು ಚಾಚಬೇಡಿ. 2014ರ ಜನವರಿ 28ರಂದು ಮೂರು ಇಂಚೂ ಇಲ್ಲದ ಹಿಮಕ್ಕೆ ಆ ಊರು ಪೂರ್ತಿ ನಿಂತುಹೋಗಿತ್ತು. ಜನ ರಸ್ತೆಯಲ್ಲೇ ಕಾರಿನಲ್ಲಿ ರಾತ್ರಿ ಕಳೆದರು. 2025ರ ಜನವರಿಯಲ್ಲಿ ಫ್ಲೋರಿಡಾದ ಪೆನ್ಸಕೋಲಾದಲ್ಲೇ ಸುಮಾರು ಒಂಬತ್ತು ಇಂಚು ಹಿಮ ಬಿದ್ದು ಆ ಕಡೆಯ ಐ-10 ಮುಚ್ಚಿದ್ದರು. ಹೀಗಾಗಿ ಒಂದು ದಿನ ಹೆಚ್ಚಿಗೆ ಇಟ್ಟುಕೊಂಡೇ ಹೊರಡುತ್ತೇವೆ. ಹೋಸ್ಟ್‌ಗಳ ವಿಷಯದಲ್ಲಿ ಇದು ಸಮಸ್ಯೆಯೇ. ಅಲ್ಲಿ ಸಾಮಾನ್ಯವಾಗಿ ಒಂದೇ ರಾತ್ರಿ. ಇನ್ನೊಂದು ರಾತ್ರಿ ಇರುತ್ತೇವೆ ಅಂದರೆ ಅವರ ದಾಕ್ಷಿಣ್ಯಕ್ಕೆ ಬಿಟ್ಟದ್ದು.

ಆ್ಯಪ್ ಬಗ್ಗೆ ಹೇಳುವುದಾದರೆ, ದಾರಿ ಕೊಟ್ಟರೆ ಅದರ ಅಕ್ಕಪಕ್ಕದ ಹೋಸ್ಟ್‌ಗಳನ್ನು ತೋರಿಸುತ್ತದೆ. ಎಷ್ಟು ಉದ್ದದ ಗಾಡಿ ಹಿಡಿಸುತ್ತದೆ, ನೆಲ ಎಂಥದ್ದು ಅಂತಲೂ ಹೇಳುತ್ತದೆ. ಅಲ್ಲಿಂದಲೇ ಕೋರಿಕೆ ಕಳಿಸಬಹುದು. ನಾನು ಮೂರು ಸಂಗತಿ ನೋಡುತ್ತೇನೆ. ಒಂದು, ನೆಲ ಜಲ್ಲಿಯದ್ದೇ? ಜಾರ್ಜಿಯಾದಲ್ಲಿ ಚಳಿಗಾಲದ ಮಳೆ ಬಿದ್ದ ಹುಲ್ಲಿನ ಮೇಲೆ ಆರು ಟನ್ ಗಾಡಿ ನಿಲ್ಲಿಸಿದರೆ ಬೆಳಿಗ್ಗೆ ಟ್ರಾಕ್ಟರ್ ಕರೆಯಬೇಕಾಗುತ್ತದೆ. ಎರಡು, ಹಿಂದೆ ಉಳಿದವರ ಅನಿಸಿಕೆಗಳಲ್ಲಿ ತಿಂಗಳು ಯಾವುದು? ಜುಲೈನಲ್ಲಿ ಬಂದವರು ಐದು ನಕ್ಷತ್ರ ಕೊಟ್ಟಿದ್ದರೆ ನನಗೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಡಿಸೆಂಬರ್‌ನಲ್ಲಿ ಉಳಿದವರು ಬರೆದ ಎರಡು ಸಾಲು ಸಾಕು. ಮೂರು, ವಾರದ ಯಾವ ದಿನಗಳಲ್ಲಿ ತೆರೆದಿರುತ್ತದೆ?

ಈ ಮೂರನೆಯದ್ದು ಗೊತ್ತಾದ ಮೇಲೆ ನಮ್ಮ ಯೋಜನೆಯೇ ಬದಲಾಯಿತು. ಚಳಿಗಾಲದಲ್ಲಿ ಎಷ್ಟೋ ವೈನರಿ, ಫಾರ್ಮ್ ಅಂಗಡಿಗಳು ಸೋಮವಾರ, ಮಂಗಳವಾರ ಮುಚ್ಚಿರುತ್ತವೆ. ಕೆಲವಂತೂ ಗುರುವಾರದಿಂದ ಭಾನುವಾರ ಮಾತ್ರ. ಅದಕ್ಕೇ ನಾವು ಬುಧವಾರ ಹೊರಡುತ್ತೇವೆ. ಬುಧವಾರ ರಾತ್ರಿ ಕರೆಂಟ್ ಇರುವ ಲೆಕ್ಸಿಂಗ್ಟನ್, ಗುರುವಾರ ಚಟ್ಟನೂಗ, ಶುಕ್ರವಾರ ದಕ್ಷಿಣ ಜಾರ್ಜಿಯಾ. ಹೋಸ್ಟ್ ಬೇಕಾದ ರಾತ್ರಿಗಳೆಲ್ಲ ಅವರ ಅಂಗಡಿ ತೆರೆದಿರುವ ದಿನಗಳಿಗೇ ಬೀಳುತ್ತವೆ. ಶನಿವಾರ ಬೆಳಿಗ್ಗೆ ಹೊರಟು ಭಾನುವಾರ, ಸೋಮವಾರ ಹೋಸ್ಟ್ ಹುಡುಕುವವರು ಚಳಿಗಾಲದಲ್ಲಿ ಯಾರೂ ಸಿಗುತ್ತಿಲ್ಲ ಅಂತ ಬೈಯುವುದನ್ನು ಕೇಳಿದ್ದೇನೆ. ತಪ್ಪು ಕ್ಯಾಲೆಂಡರಿನದ್ದು.

ಶುಕ್ರವಾರದ ರಾತ್ರಿ ನನಗೆ ಅತಿ ಇಷ್ಟ. ಟಿಫ್ಟನ್, ವಲ್ಡೋಸ್ಟಾ ಕಡೆಯೆಲ್ಲ ಪೀಕನ್ (ಅಕ್ರೋಟಿನಂಥ ಬೀಜ) ತೋಟಗಳು. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತ ಆ ಭಾಗದಲ್ಲಿ ಹಾಯ್ದು ತುಂಬಾ ಮರಗಳನ್ನು ಬುಡಸಮೇತ ಕಿತ್ತಿತ್ತು. ನಾವು ಹೋಗುವ ತೋಟದಲ್ಲಿ ಸಾಲಿನ ನಡುವೆ ಈಗಲೂ ದೊಡ್ಡ ಹಳ್ಳಗಳಿವೆ, ಪಕ್ಕದಲ್ಲಿ ಮೊಣಕಾಲೆತ್ತರದ ಹೊಸ ಸಸಿಗಳು. ಪೀಕನ್ ಮರ ಸರಿಯಾಗಿ ಫಸಲು ಕೊಡಲು ವರ್ಷಗಟ್ಟಲೆ ಬೇಕು. ಇಂಥವರ ಹತ್ತಿರ 30 ಡಾಲರ್ ಕೊಡುವಾಗ ಲೆಕ್ಕ ಹಾಕಬೇಕು ಅನಿಸುವುದಿಲ್ಲ. ನಾನು ಐದು ಪೌಂಡ್ ಚೀಲ ತರುತ್ತೇನೆ, ಬೆಲ್ಲ ಹಾಕಿ ಚಿಕ್ಕಿ ಮಾಡಿದರೆ ಕಡಲೆಕಾಯಿ ಚಿಕ್ಕಿಗಿಂತ ಮೃದು. ಅಲ್ಲೇ ರಸ್ತೆಬದಿಯಲ್ಲಿ ಉಪ್ಪು ಹಾಕಿ ಬೇಯಿಸಿದ ಕಡಲೆಕಾಯಿ ಮಾರುತ್ತಾರೆ. ಬಿಸಿಬಿಸಿ, ಸಿಪ್ಪೆಯೊಳಗೆ ಉಪ್ಪುನೀರು. ಬಸವನಗುಡಿ ಪರಿಷೆ ನೋಡಿದವರು ಗಾಡಿ ನಿಲ್ಲಿಸದೆ ಮುಂದೆ ಹೋಗಲಾರರು.

ಒಮ್ಮೆ ಆ ತೋಟದಲ್ಲಿ ಸಂಜೆ ಬಿಸಿಬೇಳೆಬಾತ್‌ಗೆ ಕುಕ್ಕರ್ ಇಟ್ಟಿದ್ದೆ. ಮೊದಲ ವಿಸಲ್‌ಗೆ ಅವರ ನಾಯಿ ಬೊಗಳಿತು. ಎರಡನೆಯದಕ್ಕೆ ತೋಟದ ಅಜ್ಜ ಟಾರ್ಚ್ ಹಿಡಿದು ಬಂದು ಬಾಗಿಲು ತಟ್ಟಿದರು, "ಒಳಗೆ ಎಲ್ಲಾ ಸರಿ ಇದೆಯಾ?" ಬೇಳೆ ಬೇಯುತ್ತಿದೆ ಅಂತ ವಿವರಿಸಿ ಒಂದು ಡಬ್ಬಿ ಕೊಟ್ಟು ಕಳಿಸಿದೆವು. ಬೆಳಿಗ್ಗೆ ಡಬ್ಬಿ ತೊಳೆದು ವಾಪಸ್ ಕೊಟ್ಟರು, ಖಾರದ ಬಗ್ಗೆ ಏನೂ ಹೇಳಲಿಲ್ಲ.

ಗೊಣಗಾಟಗಳು ಬೇರೆ ಕಡೆಯವು. ಒಂದು ಖಾಸಗಿ ಕ್ಯಾಂಪ್‌ಗ್ರೌಂಡ್ ಫೋನಿನಲ್ಲಿ ನೀರು, ಕರೆಂಟ್ ಎರಡೂ ಇದೆ ಅಂದಿತ್ತು. ಹೋದಾಗ ಕೊಳಾಯಿಗೆ ಗೋಣಿಚೀಲ ಸುತ್ತಿತ್ತು, ಆಫೀಸಿಗೆ ಬೀಗ. ಮುಂಗಡ ವಾಪಸ್ ಬರಲೇ ಇಲ್ಲ. ಇನ್ನೊಂದು ಸಲ ದೊಡ್ಡ ಅಂಗಡಿಯೊಂದರ ಪಾರ್ಕಿಂಗಿನಲ್ಲಿ, ಹಗಲಲ್ಲಿ ಒಬ್ಬರು ಒಪ್ಪಿದ್ದರು, ರಾತ್ರಿ ಎರಡಕ್ಕೆ ಕಾವಲಿನವನು ಬಂದು ಎಬ್ಬಿಸಿದ. ಅಂಗಡಿ ಪಾರ್ಕಿಂಗ್ ತುರ್ತಿಗೆ ಸರಿ, ಯೋಜನೆಗಲ್ಲ. ವಾಲ್‌ಮಾರ್ಟ್‌ನಲ್ಲೂ ಆಯಾ ಅಂಗಡಿಯ ಮ್ಯಾನೇಜರ್ ಒಪ್ಪಬೇಕು, ಊರಿನ ಕಾನೂನೂ ಬಿಡಬೇಕು. ಹೆದ್ದಾರಿಯ ರೆಸ್ಟ್ ಏರಿಯಾದಲ್ಲಿ ಮಲಗೋಣ ಅಂದರೆ ಟೆನ್ನೆಸ್ಸಿಯಲ್ಲಿ ಎರಡು ಗಂಟೆ, ಫ್ಲೋರಿಡಾದಲ್ಲಿ ಮೂರು, ಕೆಂಟಕಿಯಲ್ಲಿ ನಾಲ್ಕು. ಅಷ್ಟರಲ್ಲಿ ಫರ್ನೇಸ್ ಬಿಸಿಯಾಗಿರುತ್ತದೆ, ನಿದ್ದೆ ಹತ್ತಿರುವುದಿಲ್ಲ.

ಹೋಸ್ಟ್‌ಗಳಲ್ಲಿ ಕೊಳೆನೀರಿನ ಟ್ಯಾಂಕ್ ಖಾಲಿ ಮಾಡುವ ವ್ಯವಸ್ಥೆ ಸಾಮಾನ್ಯವಾಗಿ ಇರುವುದಿಲ್ಲ. ಹೆದ್ದಾರಿಯ ಕೆಲವು ಟ್ರಕ್ ಸ್ಟಾಪ್‌ಗಳಲ್ಲಿ ಹಣ ಕೊಟ್ಟು ಮಾಡಬಹುದು.

ಫ್ಲೋರಿಡಾ ಮುಟ್ಟಿದ ಮೇಲೆ ಹಾರ್ವೆಸ್ಟ್ ಹೋಸ್ಟ್ಸ್ ಕೆಲಸ ಹೆಚ್ಚುಕಡಿಮೆ ಮುಗಿಯಿತು. ಗಡಿ ದಾಟಿದ ಕೂಡಲೇ ಸ್ವಾಗತ ಕೇಂದ್ರದಲ್ಲಿ ಪುಟ್ಟ ಲೋಟದಲ್ಲಿ ಕಿತ್ತಳೆ ರಸ ಕೊಡುತ್ತಾರೆ. ಅದು ನಿಜವಾಗಲೂ ಪುಕ್ಕಟೆ! ಆಮೇಲೆ ವಾರಗಟ್ಟಲೆ ಇರಲು ಬೇಕಾದದ್ದು ಕ್ಯಾಂಪ್‌ಗ್ರೌಂಡ್. ನಮಗೆ ಮೆಚ್ಚುಗೆಯಾದದ್ದು ಗೇನ್ಸ್‌ವಿಲ್ ಪಕ್ಕದ ಪೇನ್ಸ್ ಪ್ರೇರಿ ಸ್ಟೇಟ್ ಪಾರ್ಕ್. ಎಕ್ಸಿಟ್ 374. ಅಲ್ಲಿ ಕಾಡೆಮ್ಮೆಗಳ ಹಾಗಿರುವ ಬೈಸನ್‌ಗಳು, ಕಾಡು ಕುದುರೆಗಳು ಇವೆ. ಗಾಡಿಯ ಕೊಳಾಯಿಗಳಿಂದ ಗುಲಾಬಿ ದ್ರಾವಣ ತೊಳೆದು ನೀರು ತುಂಬುವುದೂ ಅಲ್ಲೇ.

ಒಂದು ವಿಷಯ ಮಾತ್ರ ಗಮನದಲ್ಲಿರಲಿ. 2024ರ ಜನವರಿಯಿಂದ ಫ್ಲೋರಿಡಾ ಸ್ಟೇಟ್ ಪಾರ್ಕ್‌ಗಳಲ್ಲಿ ಆ ರಾಜ್ಯದವರು 11 ತಿಂಗಳು ಮೊದಲೇ ಕಾದಿರಿಸಬಹುದು, ಹೊರಗಿನವರು 10 ತಿಂಗಳು ಮೊದಲು. ನಮ್ಮ ಸರದಿ ಬರುವ ಹೊತ್ತಿಗೆ ಒಳ್ಳೆಯ ಜಾಗಗಳು ಅರ್ಧ ಹೋಗಿರುತ್ತವೆ. ಮುಂದಿನ ಜನವರಿಗೆ ಬೇಕೆಂದರೆ ಈ ಮಾರ್ಚ್‌ನಲ್ಲೇ ಬೆಳಿಗ್ಗೆ ಎದ್ದು ಲ್ಯಾಪ್‌ಟಾಪ್ ಮುಂದೆ ಕೂರಬೇಕು. ಫ್ಲೋರಿಡಾದಲ್ಲಿ ನೆಂಟರಿದ್ದರೆ ಅವರನ್ನೇ ಒಂದು ತಿಂಗಳು ಮೊದಲು ಕೂರಿಸಬಹುದಲ್ಲ ಅಂತ ಯೋಚಿಸಬೇಡಿ, ಪಾರ್ಕಿಗೆ ಬಂದಾಗ ಗುರುತಿನ ಚೀಟಿ ಕೇಳಿದರೆ ಮುಜುಗರ.