ಮರಿಮೀನಿಗೆ ಯಾವ ಜೀವಂತ ಆಹಾರ: ಮೈಕ್ರೋವರ್ಮ್, ವಿನೆಗರ್ ಈಲ್, ಆರ್ಟೀಮಿಯಾ

ಮರಿಗಳು ಈಜಲು ಶುರುಮಾಡುವ ಹೊತ್ತಿಗೆ ಆಹಾರ ಕೈಯಲ್ಲಿರಬೇಕು. ಅವತ್ತು ಕಲ್ಚರ್, ಅಂದರೆ ಆಹಾರದ ಜೀವಿಗಳ ಸಾಕಣೆ, ಹಾಕಲು ಹೊರಟರೆ ತಡವಾಯಿತೆಂದೇ ಲೆಕ್ಕ. ಮೂರನ್ನೂ ಅಕ್ಕಪಕ್ಕ ಇಟ್ಟು ಬಳಸಿದರೆ ಪೌಷ್ಟಿಕತೆಗಿಂತ ಮೊದಲು ಎದ್ದು ಕಾಣುವ ವ್ಯತ್ಯಾಸ ಎರಡು: ಆಹಾರ ಮರಿಯ ಬಾಯಿಗೆ ಹಿಡಿಸುತ್ತದೆಯೇ, ನೀರಿನಲ್ಲಿ ಎಲ್ಲಿ ಉಳಿಯುತ್ತದೆ.

ಮೈಕ್ರೋವರ್ಮ್ ಎಂಬ ಪುಟ್ಟ ಹುಳುವನ್ನು ಬೆಳೆಸುವುದು ಎಲ್ಲಕ್ಕಿಂತ ಸುಲಭ. ಗಟ್ಟಿಯಾದ ಓಟ್ಸ್ ಗಂಜಿಯನ್ನು ಆರಿಸಿ ಡಬ್ಬಿಯಲ್ಲಿ ಒಂದೆರಡು ಸೆಂಟಿಮೀಟರ್ ಹರಡಿ, ಚಿಟಿಕೆ ಯೀಸ್ಟ್ ಉದುರಿಸಿ, ಹಳೆಯ ಕಲ್ಚರ್ ಒಂದು ಚಮಚ ಹಾಕಿದರಾಯಿತು. ಮುಚ್ಚಳದ ತೂತಿಗೆ ಹತ್ತಿ ತುರುಕದಿದ್ದರೆ ನೊಣ ಮೊಟ್ಟೆಯಿಡುತ್ತದೆ. ವಾರದೊಳಗೆ ಹುಳುಗಳು ಗೋಡೆ ಹತ್ತುತ್ತವೆ, ಬೆರಳಲ್ಲಿ ಬಳಿದುಕೊಳ್ಳಬಹುದು. ಮೂರ್ನಾಲ್ಕು ವಾರಕ್ಕೆ ಗಂಜಿ ನೀರಾಗಿ ನಾತ ಹೊಡೆಯುತ್ತದೆ. ಅದಕ್ಕೇ ಎರಡು ವಾರದ ಅಂತರದಲ್ಲಿ ಎರಡು ಡಬ್ಬಿ ಇರಲಿ. ದೊಡ್ಡ ಕೊರತೆಯೆಂದರೆ ಇವು ತಳಕ್ಕೆ ಇಳಿದುಬಿಡುತ್ತವೆ. ತಿನ್ನದೆ ಉಳಿದವು ಅಲ್ಲೇ ಸತ್ತು ಕೊಳೆತು ನೀರು ಕೆಡಿಸುತ್ತವೆ. ತಳದಲ್ಲೇ ಮೇಯುವ ಕೋರಿಡೋರಸ್ ಮರಿಗೆ ಮಾತ್ರ ಅದೇ ವರ.

ವಿನೆಗರ್ ಈಲ್ (ಹೆಸರಿಗೆ ಈಲ್, ನಿಜಕ್ಕೆ ವಿನೆಗರ್‌ನಲ್ಲಿ ಬದುಕುವ ಸಣ್ಣ ಹುಳು) ಸೋಮಾರಿಗಳ ಪಾಲಿನ ಕಲ್ಚರ್. ಸೇಬಿನ ವಿನೆಗರ್ ಅರ್ಧ, ಕ್ಲೋರಿನ್ ತೆಗೆದ ನೀರು ಅರ್ಧ, ಒಂದು ಹೋಳು ಸೇಬು. ದಟ್ಟವಾಗಲು ಒಂದು ತಿಂಗಳಾದರೂ ಬೇಕು. ಆಮೇಲೆ ತಿಂಗಳುಗಟ್ಟಲೆ ತಿರುಗಿ ನೋಡದಿದ್ದರೂ ಬದುಕಿರುತ್ತವೆ. ಇವು ನೀರಿನ ಎಲ್ಲ ಮಟ್ಟದಲ್ಲೂ ಈಜುತ್ತವೆ, ಸಿಹಿನೀರಿನಲ್ಲಿ ದಿನಗಟ್ಟಲೆ ಸಾಯುವುದಿಲ್ಲ. ತಲೆನೋವು ಇರುವುದು ಕೊಯ್ಲಿನಲ್ಲಿ. ಉದ್ದ ಕತ್ತಿನ ಬಾಟಲಿಗೆ ಕತ್ತಿನ ಬುಡದವರೆಗೆ ಕಲ್ಚರ್ ತುಂಬಿ, ದ್ರವಕ್ಕೆ ತಾಗುವಂತೆ ಫಿಲ್ಟರ್ ಹತ್ತಿ ಸಿಕ್ಕಿಸಿ, ಮೇಲೆ ಸಿಹಿನೀರು ಹಾಕಬೇಕು. ಆಮ್ಲಜನಕ ಹುಡುಕಿಕೊಂಡು ಮರುದಿನಕ್ಕೆ ಹುಳುಗಳು ಮೇಲಿನ ನೀರಿಗೆ ಬಂದಿರುತ್ತವೆ, ಪಿಪೆಟ್‌ನಲ್ಲಿ ಎಳೆದುಕೊಳ್ಳಿ. ಹತ್ತಿ ಸಡಿಲವಾದರೆ ವಿನೆಗರ್ ಮೇಲೇರುತ್ತದೆ, ತೀರಾ ಬಿಗಿಯಾದರೆ ಹುಳು ದಾಟುವುದಿಲ್ಲ.

ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿ ಆರ್ಟೀಮಿಯಾವನ್ನು ಕಲ್ಚರ್ ಎನ್ನುವುದೇ ಉತ್ಪ್ರೇಕ್ಷೆ. ಪ್ರತಿ ಸಲವೂ ಕೊಂಡುತಂದ ಮೊಟ್ಟೆಯನ್ನೇ ಒಡೆಸಬೇಕು. ಆದರೆ ಮರಿಗಳ ಬೆಳವಣಿಗೆಯಲ್ಲಿ ಉಳಿದೆರಡೂ ಇದರ ಹತ್ತಿರ ಬರುವುದಿಲ್ಲ. ಲೀಟರ್ ನೀರಿಗೆ 25ರಿಂದ 30 ಗ್ರಾಂ ಉಪ್ಪು, ಒಂದು ಗ್ರಾಂ ಮೊಟ್ಟೆ, ನೀರು ಮೆದುವಾಗಿದ್ದರೆ (ಲವಣಾಂಶ ಕಡಿಮೆಯಿದ್ದರೆ) ಚಿಟಿಕೆ ಅಡುಗೆ ಸೋಡಾ. 26ರಿಂದ 28 ಡಿಗ್ರಿ ಸೆಲ್ಸಿಯಸ್ ಶಾಖ, ಮೇಲೊಂದು ದೀಪ, ತಳದಿಂದ ಜೋರಾಗಿ ಗಾಳಿ. ಏರ್‌ಸ್ಟೋನ್ (ಗಾಳಿಯನ್ನು ಸಣ್ಣ ಗುಳ್ಳೆಗಳಾಗಿಸುವ ಕಲ್ಲು) ಬೇಡ, ಬರೀ ನಳಿಕೆ ಸಾಕು. ಸಣ್ಣ ಗುಳ್ಳೆಗಳು ನೊರೆ ಎಬ್ಬಿಸಿ ಮೊಟ್ಟೆಗಳನ್ನು ಗೋಡೆಗೆ ಅಂಟಿಸುತ್ತವೆ. 24ರಿಂದ 36 ಗಂಟೆಯಲ್ಲಿ ಆರ್ಟೀಮಿಯಾ ಮರಿ ಸಿದ್ಧ. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಸಿಪ್ಪೆ ತೇಲುತ್ತದೆ, ತಳಕ್ಕೆ ಬೆಳಕು ಹಿಡಿದರೆ ಆರ್ಟೀಮಿಯಾ ಅಲ್ಲಿ ಗುಂಪುಗೂಡುತ್ತವೆ. ಅವನ್ನು ಎಳೆದು ತೆಳು ಬಟ್ಟೆಯಲ್ಲಿ ಸೋಸಿ ಸಿಹಿನೀರಿನಲ್ಲಿ ತೊಳೆಯಿರಿ. ಸಿಪ್ಪೆ ನುಂಗಿದ ಮೀನಿನ ಮರಿಯ ಕರುಳು ಕಟ್ಟಬಹುದು. ಒಡೆದ ಆರೆಂಟು ಗಂಟೆಯೊಳಗೆ ತಿನ್ನಿಸಿ, ತಡಮಾಡಿದರೆ ಮೈಯೊಳಗಿನ ಕೊಬ್ಬನ್ನು ಅವೇ ಖರ್ಚುಮಾಡಿಕೊಳ್ಳುತ್ತವೆ.

ಗಪ್ಪಿ ಮರಿಗೆ ಮೊದಲ ದಿನವೇ ಆರ್ಟೀಮಿಯಾ ಹಾಕಬಹುದು. ಕುಬ್ಜ ಗೌರಾಮಿಯ ಮರಿಗೆ ಸುಮಾರು ಅರ್ಧ ಮಿಲಿಮೀಟರಿನ ಆ ತುತ್ತು ದೊಡ್ಡದಾಯಿತು. ಆರಂಭದ ದಿನಗಳಲ್ಲಿ ಪ್ಯಾರಮೀಸಿಯಂ (ಇನ್ನೂ ಚಿಕ್ಕದಾದ ಏಕಕೋಶ ಜೀವಿ), ಆಮೇಲೆ ವಿನೆಗರ್ ಈಲ್. ಆರ್ಟೀಮಿಯಾಕ್ಕೆ ಬದಲಾಯಿಸುವಾಗ ಎರಡನ್ನೂ ಒಟ್ಟಿಗೆ ಹಾಕಿ ಹೊಟ್ಟೆ ಗಮನಿಸಿ: ತಿಂದದ್ದು ಕಿತ್ತಳೆ ಬಣ್ಣವಾಗಿ ಹೊರಗೇ ಕಾಣುತ್ತದೆ. ಗುಂಪಿನಲ್ಲಿ ಕೊನೆಯ ಕಿರುಮರಿಯ ಹೊಟ್ಟೆಯೂ ಕಿತ್ತಳೆಯಾಗುವವರೆಗೆ ಈಲ್ ನಿಲ್ಲಿಸಬೇಡಿ.